ಅತ್ತೆಯ ಬೆರಳಿನಲ್ಲಿದ್ದ ಇಮೇಲ್

ಅತ್ತೆ ತೀರಿಕೊಂಡಾಗ ನಾನು ಅತ್ತದ್ದು ಕಡಿಮೆ. ಅಳಲು ಬಂದವರಿಗೆ ಚಹಾ ಮಾಡಿಕೊಡುವುದರಲ್ಲೇ ನನ್ನ ಹೊತ್ತು ಹೋಯಿತು. ಆಮೇಲೆ ಮನೆ ಖಾಲಿಯಾಗಿ, ಈಗಾದರೂ ಅಳೋಣ ಎಂದು ಕುಳಿತರೆ ಜತ್ತದ ಕಂಪ್ಯೂಟರ್ ಅಂಗಡಿ ನೆನಪಾಗಿ ನಗು ಬಂದುಬಿಡುತ್ತದೆ. ಸೊಸೆ ಒಬ್ಬಳೇ ಕುಳಿತು ನಗುವುದನ್ನು ಕಂಡವರು ಬೇರೆ ಏನಾದರೂ ತಿಳಿದುಕೊಂಡಾರು. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ತಪ್ಪಿದ್ದಲ್ಲಿ ಓದುವವರೇ ತಿದ್ದಿಕೊಳ್ಳಬೇಕು.

ನಮ್ಮೂರು ಜತ್ತ ತಾಲೂಕಿನ ಬಿಳೂರ, ಕಸುಬು ಬ್ಯಾಂಡ್. ಮಾವ ಕಟ್ಟಿದ ಕಂಪನಿ ಅದು. ನಾನು ಮದುವೆಯಾಗಿ ಬರುವಷ್ಟರಲ್ಲಿ ಮಾವ ಇರಲಿಲ್ಲ. ಅವರ ಕ್ಲಾರ್ನೆಟ್ ನಮ್ಮ ಮನೆಯವರಿಗೆ ಬಂದಿತ್ತು, ಕಂಪನಿ ಅತ್ತೆಗೆ ಬಂದಿತ್ತು. ನಮ್ಮ ಮನೆಯವರ ಮಾತು ಬಹಳ ಕಡಿಮೆ. "ಇವನ ಉಸಿರೆಲ್ಲಾ ವಾದ್ಯಕ್ಕ ಹೋಗ್ತೈತಿ, ಮಾತಿಗಿ ಉಳಿಯೂದಿಲ್ಲ" ಎಂದು ಅತ್ತೆ ಹೇಳುತ್ತಿದ್ದರು. ಮದುವೆಗೆ ಬ್ಯಾಂಡ್ ಗೊತ್ತು ಮಾಡುವುದಕ್ಕೆ ನಮ್ಮ ಕಡೆ ಸುಪಾರಿ ಕೊಡುವುದು ಅನ್ನುತ್ತಾರೆ. ಸುಪಾರಿ ಹಿಡಿಯುವುದು, ಯಾವ ದಿನ ಯಾವ ಊರು ಎಂದು ಗೊತ್ತು ಮಾಡುವುದು, ವರಾತದ ಮೆರವಣಿಗೆಯಲ್ಲಿ ಯಾವ ಹಾಡು ಮೊದಲು ಎಂದು ಬೀಗರು ಜಗಳಾಡಿದರೆ ಬಿಡಿಸುವುದು, ಎಲ್ಲ ಅತ್ತೆಯದೇ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅದೊಂದು ಕೊರತೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

ಸೋಲಾಪುರದ ಕಡೆಯ ಒಂದು ಮದುವೆಯಲ್ಲಿ ಯಾರೋ ಪ್ಯಾಂಟು ಶರಟಿನವರು ನಮ್ಮ ಬ್ಯಾಂಡ್ ಮೆಚ್ಚಿಕೊಂಡು, ನಿಮ್ಮ ಇಮೇಲ್ ಕೊಡಿ ಎಂದು ಕೇಳಿದರಂತೆ. ನಮ್ಮ ಮನೆಯವರು ಸುಮ್ಮನೆ ನಿಂತರಂತೆ. ಪಕ್ಕದಲ್ಲಿದ್ದವರೊಬ್ಬರು, ಜತ್ತದ ಬ್ಯಾಂಡಿನವರ ಹತ್ತಿರ ಅದು ಇದೆ ಎಂದರಂತೆ. ಅಷ್ಟು ಸಾಕಾಯಿತು. ಮುಂದಿನ ಸಂತೆಯ ದಿನ ಅತ್ತೆ ಮಗನನ್ನು ಕರೆದುಕೊಂಡು ಟಮಟಮ್ ಹತ್ತಿದರು. ನಮ್ಮ ಮನೆಯವರು ಢೋಲಿನ ಚರ್ಮ ಬಿಗಿಸಲು ಹೋದರು, ಅತ್ತೆ ಒಬ್ಬರೇ ಕಂಪ್ಯೂಟರ್ ಅಂಗಡಿಗೆ ಹೋದರು. ನಾನು ಮನೆಯಲ್ಲಿದ್ದೆ. ಸಂಜೆ ಬಂದವರೇ, ಸಂತೆಯಿಂದ ಕುಂಬಳಕಾಯಿ ತಂದಷ್ಟೇ ಸಲೀಸಾಗಿ ಹೇಳಿದರು.

"ಇಮೇಲ್ ತಗೊಂಡೆವು. ಕಂಪನಿ ಹೆಸರಿಲೇ ಮಾಡ್ಸೀನಿ."

"ಎಲ್ಲೈತ್ರಿ ಅಮ್ಮಾ?" ಎಂದು ಕೇಳಿದೆ. ಕೈಚೀಲದಲ್ಲಿ ಇರಬಹುದು ಎಂದುಕೊಂಡಿದ್ದೆ.

"ಅಮೇರಿಕಾದಾಗ ಇಟ್ಟಾರ. ಬೇಕಾದಾಗ ಜತ್ತಕ್ಕ ಬರ್ತೈತಿ."

ಒಂದು ವಾರದೊಳಗೆ ಅದನ್ನು ದೊಡ್ಡ ಢೋಲಿನ ಸುತ್ತ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸಿದರು. ಬರೆದ ಪೇಂಟರ್ ಅಲ್ಲಿಯವರೆಗೆ ಅಂಗಡಿ ಬೋರ್ಡು ಮಾತ್ರ ಬರೆದವನು. ಇಮೇಲಿನ ನಡುವೆ ಬರುವ ಆ ಸುತ್ತಿದ ಅಕ್ಷರವನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಇನ್ನೆರಡು ಸುತ್ತು ಹೆಚ್ಚಾಗಿಯೇ ಸುತ್ತಿದ. ಅತ್ತೆ ದೂರ ನಿಂತು ನೋಡಿ, ಚಲೋ ತುಂಬಿ ಕಾಣ್ತೈತಿ ಎಂದರು.

ಆಶ್ಚರ್ಯವೆಂದರೆ ಸುಪಾರಿ ಬರತೊಡಗಿತು. ಪ್ರತಿ ಸಂತೆಗೆ ಅತ್ತೆ ಜತ್ತಕ್ಕೆ ಹೋಗುವರು, ಜೊತೆಗೆ ಚೀಲ ಹಿಡಿಯಲು ನಾನು. ಕಂಪ್ಯೂಟರ್ ಅಂಗಡಿಯವರು ನಮ್ಮ ಮನೆಯವರ ವಯಸ್ಸಿನವರು, ಡಿಗ್ರಿ ಓದಿದವರು, ಹಣೆಗೆ ವಿಭೂತಿ ಹಚ್ಚಿಕೊಂಡು ಶಾಂತವಾಗಿ ಇರುವವರು. ಅತ್ತೆಯನ್ನು ಆಯಿ ಎಂದು ಕರೆಯುತ್ತಿದ್ದರು. "ಬರ್ರಿ ಆಯಿ, ಕುಂದ್ರಿ" ಎಂದು ಕುರ್ಚಿ ಕೊಟ್ಟು, ಬಂದದ್ದನ್ನು ಓದಿ ಹೇಳುವರು. ಅತ್ತೆ ಉತ್ತರ ಹೇಳುವರು, ಅವರು ಟೈಪ್ ಮಾಡುವರು.

ಅತ್ತೆಯ ಉತ್ತರವೆಂದರೆ ಎಂಥದು. "ನಾವು ಇಲ್ಲಿ ಎಲ್ಲಾರೂ ಕ್ಷೇಮ ಅದೀವಿ. ನಿಮ್ಮ ಮಗಳ ಲಗ್ನ ಗೊತ್ತಾಗಿದ್ದು ಕೇಳಿ ಭಾಳ ಸಂತೋಷ ಆತು. ಹುಡುಗ ಏನ್ ಮಾಡ್ತಾನ? ಅತ್ತಿ ಮನ್ಯಾಗ ಎಷ್ಟ ಮಂದಿ? ನಿಮ್ಮ ಕಡೆ ಮಳಿ ಹೆಂಗ?" ಇಲ್ಲಿಗೆ ಬಂದಾಗ ಅಂಗಡಿಯವರ ಕೈ ನಿಲ್ಲುವುದು.

"ಆಯಿ, ತಾರೀಖ ಕೇಳ್ಯಾರರಿ. ಬ್ಯಾಂಡ್ ಬರ್ತೈತೋ ಇಲ್ಲೋ ಅಷ್ಟ ಹೇಳಿದ್ರ ಸಾಕು."

"ಲಗ್ನದ ಮನಿ ಅದು. ಅಷ್ಟ ಹೇಳಿದ್ರ ಚಂದ ಕಾಣೂದಿಲ್ಲ. ನೀ ಬಡಿ."

"ಅವರಿಗಿ ಓದಾಕ ಪುರಸತ್ತ ಇರಬೇಕಲ್ಲರಿ."

"ನಿನಗ್ಯಾಕಪಾ ಅವರ ಪುರಸತ್ತಿನ ಚಿಂತಿ. ನಿನ್ನ ಬೆರಳ ನೋಯ್ತಾವೇನು?"

ಅವರು ಬಡಿಯುವರು. ಆ ಪತ್ರಗಳಿಗೋಸ್ಕರವೇ ನಮ್ಮ ಬ್ಯಾಂಡ್ ಕರೆಸಿದೆವು ಎಂದು ಹೇಳಿದ ಮದುವೆಮನೆಯವರೂ ಇದ್ದಾರೆ.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಒಂದು ಹಂಗಾಮಿನಲ್ಲಿ, ನಮಗೆ ಬಂದೇ ಬರುತ್ತದೆ ಎಂದುಕೊಂಡಿದ್ದ ಒಂದು ಸುಪಾರಿ ಜತ್ತದ ಬ್ಯಾಂಡಿಗೆ ಹೋಯಿತು. ಆ ಬ್ಯಾಂಡಿನವರು ಕಂಪ್ಯೂಟರ್ ಅಂಗಡಿಯ ಮುಂದೆ ಚಹಾ ಕುಡಿಯುವುದನ್ನು ಅತ್ತೆ ಕಂಡಿದ್ದರು. ಮರುಸಂತೆಗೆ ಅಂಗಡಿಗೆ ಹೋದವರೇ ಕುರ್ಚಿಯಲ್ಲಿ ಕುಳಿತುಕೊಳ್ಳಲಿಲ್ಲ.

"ತಮ್ಮಾ, ನಮ್ಮ ಇಮೇಲಿನ ಕೀಲಿ ಯಾರ ಕಡೆ ಐತಿ?"

"ಪಾಸ್‌ವರ್ಡ್ ಏನ್ರಿ ಆಯಿ? ನನ್ನ ಕಡೆನ ಐತಲ್ಲ. ನಾನ ಇಟ್ಟೀನಿ."

"ಹೌದಾ. ಮನಿ ನಮ್ಮದು, ಹೆಸರು ನಮ್ಮದು, ಢೋಲಿನ ಮ್ಯಾಲ ಬರಿಸಿದಾಕಿ ನಾನು. ಕೀಲಿ ನಿನ್ನ ಕಿಸೆದಾಗ."

ಅವರ ಮುಖ ಸಣ್ಣದಾಯಿತು. ಊರಮಂದಿಗೆಲ್ಲ ತಾನೇ ಮಾಡಿಕೊಟ್ಟಿರುವುದು, ಎಲ್ಲರ ಕೀಲಿಯೂ ತನ್ನ ಹತ್ತಿರವೇ ಇರುವುದು, ಇಷ್ಟು ದಿನ ಯಾರೂ ಕೇಳಿಲ್ಲ ಎಂದರು. ಬೇಕಾದರೆ ಈಗಲೇ ಬದಲಿಸಬಹುದು, ನೀವೇ ನಿಮಗೆ ಬೇಕಾದ ಅಕ್ಷರ ಒತ್ತಿರಿ ಎಂದರು.

"ಒತ್ತತೀನಿ. ಎಲ್ಲಾರೂ ಮುಖ ಆ ಕಡೆ ಮಾಡ್ರಿ."

ಅಂಗಡಿಯವರು ಗೋಡೆಯ ಕಡೆ ತಿರುಗಿದರು. ಪಕ್ಕದ ಕಂಪ್ಯೂಟರಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದ ಯಾರೋ ಮಾಸ್ತರರೂ ತಿರುಗಿದರು. ನನಗೂ ಹೇಳಿದರು: "ನೀನೂ." ನಾನು ಚೀಲದೊಳಗಿನ ಮೆಣಸಿನಕಾಯಿ ನೋಡುತ್ತ ನಿಂತೆ. ರೊಟ್ಟಿ ಬೆಂದಿದೆಯೋ ಎಂದು ನೋಡುವ ಹಾಗೆ, ಒಂದೊಂದನ್ನೂ ಒತ್ತಿ, ಸ್ವಲ್ಪ ತಡೆದು, ಮುಂದಿನದು ಒತ್ತುವ ಸಪ್ಪಳ ಕೇಳುತ್ತಿತ್ತು. ಇನ್ನೊಮ್ಮೆ ಅದನ್ನೇ ಒತ್ತಬೇಕು ಎಂದು ಅಂಗಡಿಯವರು ಗೋಡೆಗೆ ಮುಖ ಮಾಡಿಯೇ ಹೇಳಿದರು. ಅತ್ತೆ ಒತ್ತಿದರು. ಎರಡೂ ಸರಿಯಾಯಿತು. ಒಂದು ಅಕ್ಷರವೂ ಓದಲು ಬಾರದವರು ಹೇಗೆ ಸರಿಯಾಗಿ ಒತ್ತಿದರು ಎಂಬುದು ಅಂಗಡಿಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಕೌದಿ ಹೊಲಿಯುವವರಿಗೆ ಹೊಲಿಗೆ ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಕೈಗೇ ಗೊತ್ತಿರುತ್ತದೆ. ಅತ್ತೆ ಅಂಥ ಕೌದಿ ಹೊಲಿಯುತ್ತಿದ್ದರು.

ಅಂದಿನಿಂದ ಪ್ರತಿ ಸಂತೆಗೂ ಇದೇ ಆಟ. ಅತ್ತೆ ಬಂದರೆ ಅಂಗಡಿಯಲ್ಲಿದ್ದವರೆಲ್ಲ ಹೇಳಿಸಿಕೊಳ್ಳದೆ ಗೋಡೆಗೆ ತಿರುಗುತ್ತಿದ್ದರು. ಅತ್ತೆ ಕೀಲಿ ತೆಗೆಯುವರು. ಆಮೇಲೆ ಅಂಗಡಿಯವರು ಈ ಕಡೆ ತಿರುಗಿ, ಒಳಗಿರುವುದನ್ನೆಲ್ಲ ಬೀದಿಗೆ ಕೇಳುವಂತೆ ಗಟ್ಟಿಯಾಗಿ ಓದುವರು. ಈ ಮಾತನ್ನು ಅತ್ತೆಗೆ ನಾನು ಎತ್ತಿ ತೋರಿಸಲಿಲ್ಲ. ಅಂಗಡಿಯವರೂ ತೋರಿಸಲಿಲ್ಲ.

ಕೆಲವು ವರ್ಷ ಹೀಗೆ ಹೋಯಿತು. ಆಮೇಲೆ ಒಂದು ಚಳಿಗಾಲ ಅತ್ತೆ ಹಾಸಿಗೆ ಹಿಡಿದರು. ಬೇಗ ಮಾತು ನಿಂತಿತು. ಒಂದು ಮಧ್ಯಾಹ್ನ ಅವರ ಬೆರಳು ಕೌದಿಯ ಮೇಲೆ ಏನನ್ನೋ ಒತ್ತುವ ಹಾಗೆ ಆಡತೊಡಗಿತು. ನಮ್ಮ ಮನೆಯವರು ಕೂಡಲೇ ಓಡಿಬಂದು ಬೆರಳಿನ ಕೆಳಗೆ ತಮ್ಮ ಅಂಗೈ ಹಿಡಿದರು. ಅವರು ಏನೆಂದುಕೊಂಡರೆಂದು ನನಗೆ ತಿಳಿಯಿತು, ನಾನೂ ಅದನ್ನೇ ಅಂದುಕೊಂಡಿದ್ದೆ. ಅತ್ತೆ ಅಂಗೈಯನ್ನು ಆ ಕಡೆ ನೂಕಿ ನೀರಿನ ತಂಬಿಗೆ ತೋರಿಸಿದರು. ಕುಡಿಸಿದೆ. ಅವರು ಹೋದದ್ದು ಅದರ ಮರುದಿನ.

ಅತ್ತೆಯ ನಲವತ್ತನೆಯ ದಿನದ ಊಟದ ಹೊತ್ತಿಗೆ ಮದುವೆ ಹಂಗಾಮು ಹತ್ತಿರ ಬಂದಿತ್ತು. ಆ ನಡುವೆ ನಮ್ಮ ಮನೆಯವರು ಒಮ್ಮೆ ಜತ್ತಕ್ಕೆ ಹೋಗಿ ಸಪ್ಪೆ ಮುಖ ಮಾಡಿಕೊಂಡು ಬಂದಿದ್ದರು. ಇಮೇಲ್ ತೆರೆಯಲಾಗಲಿಲ್ಲ. ಕರೆಯುವವರೆಲ್ಲ ಢೋಲಿನ ಮೇಲಿನ ಆ ಅಕ್ಷರ ನೋಡಿಕೊಂಡೇ ಬರೆಯುವವರು, ನಮಗೆ ಬೇರೆ ದಾರಿ ಇರಲಿಲ್ಲ. ಉತ್ತರ ಹೋಗದಿದ್ದರೆ ಆ ಹಂಗಾಮೆಲ್ಲ ಜತ್ತದ ಬ್ಯಾಂಡಿನದೇ. ನಮ್ಮ ಬ್ಯಾಂಡಿನ ಹುಡುಗರು ಆಗಲೇ ಆ ಕಡೆ ಮುಖ ಮಾಡಿ ನಿಂತಿದ್ದರು.

ಊಟಕ್ಕೆ ಕಂಪ್ಯೂಟರ್ ಅಂಗಡಿಯವರೂ ಬಂದಿದ್ದರು. ಕೈ ತೊಳೆದು ಪಡಸಾಲೆಯಲ್ಲಿ ಕುಳಿತವರ ನಡುವೆ ಈ ಮಾತು ಹೊರಟಿತು. ನಮ್ಮ ನೆರೆಮನೆಯವರು ತಲಾಠಿಯಾಗಿ ನಿವೃತ್ತರಾದವರು. ಹೊಲ ಯಾರದೆಂದು ಹೇಳುವ ಉತಾರದ ಕಾಗದವನ್ನು ಜೀವಮಾನವೆಲ್ಲ ಬರೆದುಕೊಟ್ಟವರು. ಎಲ್ಲಿ ಆಸ್ತಿಯ ಮಾತು ಬಂದರೂ ಅವರ ಬೆನ್ನು ನೆಟ್ಟಗಾಗುತ್ತದೆ.

"ಮದಲ ಇದನ್ನ ಹೇಳ್ರಿ. ಉತಾರಾ ಯಾರ ಹೆಸರಿಲೇ ಐತಿ?"

"ಕಂಪನಿ ಹೆಸರಿಲೇರಿ ಕಾಕಾ" ಎಂದರು ನಮ್ಮ ಮನೆಯವರು.

"ಅಂದ್ರ ನಿಂದು. ವಾರಸದಾರ ನೀನ. ಕಬ್ಜಾ ಯಾರದಿತ್ತು?"

"ಆಯೀದುರಿ" ಎಂದರು ಅಂಗಡಿಯವರು. "ಸಂತಿಗೊಮ್ಮೆ ತಗದು ಹಾಕಾವರು ಅವರ."

"ಜಮೀನ ಎಲ್ಲೈತಿ?"

"ಅಮೇರಿಕಾದಾಗ್ರಿ."

ತಲಾಠಿಯವರು ಅಂಗಡಿಯವರ ಕಡೆ ತಿರುಗಿದರು. "ಹಂಗಾದ್ರ ನಿಂದೇನೈತಿ ಇದರಾಗ?"

"ನನ್ನ ಅಂಗಡ್ಯಾಗಿಂದ ಹೋಗಬೇಕಲ್ಲರಿ."

"ಅದು ಹಾದಿ. ಹಾದಿ ಕೊಟ್ಟಾಂವ ಹೊಲದ ಮಾಲಕ ಆಗೂದಿಲ್ಲ."

"ನಾ ಮಾಲಕ ಅಂತ ಎಲ್ಲಿ ಅಂದೀನ್ರಿ. ಅದು ಯಾರನ್ನೂ ಒಳಗ ಬಿಡವಲ್ದು. ಕೀಲಿ ಮರತಿದ್ರ ಒಂದ ಪ್ರಶ್ನೆ ಕೇಳ್ತೈತಿ, ಅದಕ್ಕ ಉತ್ತರ ಕೊಟ್ರ ತಗೀತೈತಿ. ಮಾಡೂಮುಂದ ಆಯಿನ್ನ ಕೇಳಿ ನಾನ ಹಾಕಿದ್ದೆ. ಏನ್ ಹಾಕೇನಿ ನೆನಪಿಲ್ಲ. ಊರಮಂದೀದೆಲ್ಲಾ ಹಾಕೇನಿ, ಹೆಂಗ ನೆನಪ ಇರಬೇಕು."

"ಏನ್ ಪ್ರಶ್ನೆ?"

"ತಾಯಿ ಹುಟ್ಟಿದ ಊರು ಯಾವುದು, ಅಂತ. ಸೋನ್ಯಾಳ ಅಂತ ಬಡಿದ್ವಿ. ಅಲ್ಲ ಅಂತು. ಒಮ್ಮೆ ತಪ್ಪಿದ್ರ ಅವತ್ತಿಗಿ ಬಾಗಲಾ ಹಾಕ್ಕೊಂಡ ಬಿಡ್ತೈತಿ."

ಸೋನ್ಯಾಳ ಅತ್ತೆಯ ತವರು. ಅತ್ತೆ ಸೋನ್ಯಾಳದವರೆಂದು ಬಿಳೂರಿನ ಕೋಳಿಗೂ ಗೊತ್ತಿತ್ತು. ಅದು ಹೇಗೆ ತಪ್ಪಾಯಿತೆಂದು ಗಂಡಸರೆಲ್ಲ ಮುಖ ಮುಖ ನೋಡಿಕೊಂಡರು. ಅಮೇರಿಕಾದವರಿಗೆ ಸೋನ್ಯಾಳ ಗೊತ್ತಿರಲಿಕ್ಕಿಲ್ಲ, ತಾಲೂಕು ಜತ್ತ, ಜಿಲ್ಲೆ ಸಾಂಗಲಿ ಎಂದೂ ಬರೆಯಬೇಕಿತ್ತು ಎಂದರು ಒಬ್ಬರು.

ನಡುಮನೆಯ ಪರದೆಯ ಹಿಂದೆ ಅತ್ತೆಯ ತಂಗಿ ಕುಳಿತಿದ್ದರು. ಖಾಲಾ ಎಂದು ಕರೆಯುತ್ತೇವೆ. ಅಕ್ಕ ಹೋದಾಗಿನಿಂದ ನಮ್ಮಲ್ಲೇ ಇದ್ದರು. ಅಲ್ಲಿಂದಲೇ ಅವರು ಎತ್ತರದ ದನಿಯಲ್ಲಿ ಕೇಳಿದರು.

"ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಯಾರರೇ ಮಾಡ್ಕೋತಾರೇನ್ರಿ?"

ಗಂಡಸರೆಲ್ಲ ಪರದೆಯ ಕಡೆ ತಿರುಗಿದರು.

"ಅಕ್ಕ ಹಿರೀ ಮಗಳು. ನಮ್ಮವ್ವ ಬಾಣಂತನಕ್ಕ ತನ್ನ ತವರಿಗಿ ಹೋಗಿದ್ಲು. ಡಫಳಾಪುರಕ್ಕ. ಅಕ್ಕ ಹುಟ್ಟಿದ್ದು ಅಲ್ಲಿ. ಸೋನ್ಯಾಳಕ್ಕ ಬಂದಿದ್ದು ತೊಟ್ಟಲದಾಗ."

ಇಷ್ಟು ಜನ ಗಂಡಸರು ಹುಟ್ಟಿದ್ದೂ ಹಾಗೆಯೇ, ತಾಯಿಯ ತವರಿನಲ್ಲಿ. ಆದರೂ ಯಾರಿಗೂ ಹೊಳೆದಿರಲಿಲ್ಲ. ತಲಾಠಿಯವರು, ಜನ್ಮಸ್ಥಾನ ಬೇರೆ, ರಹವಾಸ ಬೇರೆ, ನಾನು ಅದನ್ನೇ ಹೇಳಬೇಕೆಂದಿದ್ದೆ ಎಂದರು.

ಮರುದಿನ ನಾವಿಬ್ಬರೂ ಜತ್ತಕ್ಕೆ ಹೋದೆವು. ನಮ್ಮ ಮನೆಯವರು ಅಂಗಡಿಯ ಹೊಸ್ತಿಲಲ್ಲಿ ನಿಂತು ದುಆ ಮಾಡಿಕೊಂಡರು. ಅಂಗಡಿಯವರು ಡಫಳಾಪುರ ಎಂದು ಬಡಿದರು.

ಅಲ್ಲ ಅಂತು. ಬಾಗಿಲು ಹಾಕಿಕೊಂಡಿತು.

ತಿರುಗಿ ಬರುವಾಗ ಟಮಟಮ್ಮಿನಲ್ಲಿ ನಮ್ಮ ಮನೆಯವರು ಹೊಲಗಳನ್ನು ನೋಡುತ್ತ ಕುಳಿತಿದ್ದರು. "ಢೋಲಿನ ಮ್ಯಾಲಿಂದ ಅಳಿಸಿಬಿಡೂಣು" ಎಂದರು. ಆ ದಿನ ಅವರು ಆಡಿದ ಮಾತು ಅದೊಂದೇ. ಆ ಅಕ್ಷರಕ್ಕೆ ಬಣ್ಣ ಬಳಿಸುವುದೆಂದರೆ ಅವರಿಗೆ ಎಂಥದೆಂದು ನನಗೆ ಗೊತ್ತಿತ್ತು. ತಾಯಿ ಹೋದ ಮೇಲೆ ಕಂಪನಿಯೂ ಹೋಯಿತು ಎಂದ ಹಾಗೆ.

ಸಂಜೆ ನಾನು ಅಕ್ಕಿ ಆರಿಸುತ್ತಿದ್ದೆ. ಅತ್ತೆಯನ್ನು ನೆನೆಸಿಕೊಂಡೆ, ಅಂಗಡಿಯ ಕುರ್ಚಿಯಲ್ಲಿ ಅವರು ಕೂರುತ್ತಿದ್ದ ಠೀವಿ ನೆನೆಸಿಕೊಂಡೆ. ಆ ಪ್ರಶ್ನೆ ಕೇಳಿದಾಗ ಅವರ ಮುಖ ಹೇಗಿದ್ದಿರಬಹುದು ಎಂದು ಯೋಚಿಸಿದೆ. ಅಕ್ಕಿ ಅಲ್ಲೇ ಬಿಟ್ಟು ಎದ್ದು, ನಮ್ಮ ಮನೆಯವರಿಂದ ಕಂಪ್ಯೂಟರ್ ಅಂಗಡಿಗೆ ಫೋನ್ ಹಚ್ಚಿಸಿದೆ.

"ಅಣ್ಣಾರ, ಅವತ್ತ ನೀವು ಅಮ್ಮನ್ನ ಹೆಂಗ ಕೇಳಿದ್ರಿ? ಇದ್ದದ್ದು ಇದ್ಹಂಗ ಹೇಳ್ರಿ."

"ಹೆಂಗ ಅಂದ್ರ? ಆಯಿ, ನಿಮ್ಮ ತಾಯಿ ಹುಟ್ಟಿದ ಊರು ಯಾವುದರಿ, ಅಂತ ಕೇಳಿದ್ದೆ."

"ನಿಮ್ಮ ತಾಯಿ ಅಂದ್ರಿ."

"ಅಲ್ಲಿ ಹಂಗ ಬರದಿರ್ತೈತ್ರಿ. ಮಾಲಕರಿಗಿ ಕೇಳೂ ಪ್ರಶ್ನೆ ಅದು, ನಿಮ್ಮ ತಾಯಿ ಅಂತ." "ಯಪ್ಪಾ" ಎಂದರು ಆಮೇಲೆ, ಮೆಲ್ಲಗೆ.

ನಾವೆಲ್ಲ ಮಾಲೀಕ ಮಗ ಎಂದು ತಿಳಿದು, ಮಗನ ತಾಯಿಯನ್ನು ಹುಡುಕುತ್ತಿದ್ದೆವು. ಅತ್ತೆ ತಾನೇ ಮಾಲೀಕಳೆಂದು ತಿಳಿದು, ತನ್ನ ತಾಯಿಯ ಊರು ಹೇಳಿದ್ದರು. ಅದರಲ್ಲಿ ಅವರಿಗೆ ಯೋಚಿಸುವಂಥದು ಏನೂ ಇದ್ದಿರಲಿಕ್ಕಿಲ್ಲ.

ಖಾಲಾ ಒಲೆಯ ಮುಂದೆ ಕುಳಿತಿದ್ದರು. ನಿಮ್ಮ ತಾಯಿ ಹುಟ್ಟಿದ್ದು ಎಲ್ಲಿ ಎಂದು ಕೇಳಿದೆ. ಡಫಳಾಪುರ ಎಂದಾರೆಂದು, ಚೊಚ್ಚಲ ಮಗಳೋ ಅಲ್ಲವೋ ಎಂದೂ ಕೂಡಿಸಿ ಕೇಳಿದೆ.

"ಚೊಚ್ಚಲನ. ಆಕೀನೂ ತನ್ನ ತಾಯಿ ತವರಾಗ ಹುಟ್ಟಿದಾಕಿ" ಎಂದರು ಖಾಲಾ. "ಆ ತವರು ಈ ಊರನ. ಬಿಳೂರ. ಅಗಸಿ ಕಡೆ ಮನಿ ಇತ್ತಂತ, ಈಗ ಇಲ್ಲ. ಅದಕ್ಕ ಅಲ್ಲೇನು ಅಕ್ಕನ್ನ ಇಲ್ಲಿ ಕೊಟ್ಟಿದ್ದು. ಹಳೇ ಸಂಬಂಧ ಅಂತ."

ಪರದೆಯ ಆ ಕಡೆ ನಿಂತು ಕೇಳುತ್ತಿದ್ದ ನಮ್ಮ ಮನೆಯವರು ಒಳಗೆ ಬಂದರು. "ಕಂಪನಿ ಹೆಸರಿಲೇ ಮಾಡ್ಸೀನಿ ಅಂದಿದ್ಲು" ಎಂದರು. ಸಿಟ್ಟೋ ನಗೆಯೋ ಅವರಿಗೇ ಗೊತ್ತಾಗಲಿಲ್ಲ. ನಕ್ಕರು. ನಗುತ್ತ ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ತಾಯಿ ಹೋದ ದಿನವೂ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಅಂದೂ ನೋಡಲಿಲ್ಲ, ಹಿತ್ತಲ ಬಾಗಿಲು ಮುಂದೆ ಮಾಡಿ ಬಂದೆ.

ಬಿಳೂರ ಎಂದು ಬಡಿದರೆ ತೆರೆಯಿತು. ತಲಾಠಿಯವರೂ ನಮ್ಮ ಜೊತೆ ಬಂದಿದ್ದರು, ಯಾರೂ ಕರೆಯದಿದ್ದರೂ. "ಮಾಲಕಿನೂ ಆಕಿ, ಕಬ್ಜಾನೂ ಆಕೀದು. ಇಷ್ಟ ಸ್ವಚ್ಛ ಪ್ರಕರಣ ನಾ ನೋಡೇ ಇಲ್ಲ" ಎಂದು ಕೊಟ್ಟ ಕುರ್ಚಿಯಲ್ಲಿ ತೃಪ್ತಿಯಿಂದ ಕುಳಿತರು.

ಒಳಗೆ ಬಹಳ ಪತ್ರಗಳಿದ್ದವು. ವಿಜಯಪುರದ ಕಡೆಯ ಒಂದು ಮನೆಯವರು ಮೇಲಿಂದ ಮೇಲೆ ಬರೆದಿದ್ದರು. ಮೊದಲ ಮಗಳ ಮದುವೆಗೆ ನಮ್ಮ ಬ್ಯಾಂಡೇ ಹೋಗಿತ್ತು, ಈಗ ಎರಡನೆಯವಳದು. ಉತ್ತರ ಬರದಿದ್ದಕ್ಕೆ ಅವರಿಗೆ ಬ್ಯಾಂಡಿನ ಚಿಂತೆಗಿಂತ ಅತ್ತೆಯ ಚಿಂತೆ ಹೆಚ್ಚಾಗಿತ್ತು. ಅಮ್ಮ ಮಳೆಯ ಸುದ್ದಿಯನ್ನೂ ಕೇಳಲಿಲ್ಲ, ಆರಾಮಿದ್ದಾರೆ ತಾನೇ ಎಂದು ಬರೆದಿದ್ದರು.

ಅಂಗಡಿಯವರು ಓದಿ ನಿಲ್ಲಿಸಿದರು. ಬೆರಳು ಕೀಲಿಮಣೆಯ ಮೇಲಿಟ್ಟು ನಮ್ಮ ಮನೆಯವರ ಮುಖ ನೋಡಿದರು. ನಮ್ಮ ಮನೆಯವರು ನನ್ನ ಕಡೆ ನೋಡಿದರು.

ನಾನು ಹೇಳಿದೆ. ನಮ್ಮ ಅತ್ತೆ ತೀರಿಕೊಂಡರು, ಬಹಳ ನರಳಲಿಲ್ಲ, ನಿಮ್ಮ ಮನೆಯ ಮದುವೆಗೆ ಬ್ಯಾಂಡ್ ಹೇಳಿದ ದಿನ ಬರುತ್ತದೆ, ಹುಡುಗ ಏನು ಮಾಡುತ್ತಾನೆ ತಿಳಿಸಿ. ಅಂಗಡಿಯವರು ಒಂದು ಮಾತೂ ಆಡದೆ ಎಲ್ಲ ಬಡಿದರು.

"ಕೆಳಗ ಯಾರದು ಹಾಕಲಿ?"

"ಮಾಲಕರು ಅಂತ ಹಾಕ್ರಿ" ಎಂದರು ನಮ್ಮ ಮನೆಯವರು.

"ಯಾವ ಮಾಲಕರು?"

ತಲಾಠಿಯವರು ಗಂಟಲು ಸರಿಮಾಡಿಕೊಂಡರು. ಅವರು ಶುರುಮಾಡುವ ಮೊದಲೇ ನಾನೆಂದೆ, "ಸೊಸಿ ಅಂತ ಹಾಕ್ರಿ."

ಮರುಸಂತೆಗೆ ಅವರ ಉತ್ತರ ಬಂದಿತ್ತು. ಅತ್ತೆಯ ಬಗ್ಗೆ ಬಹಳ ಒಳ್ಳೆಯ ಮಾತು ಬರೆದಿದ್ದರು, ಹುಡುಗ ಶಾಲೆಯಲ್ಲಿ ಮಾಸ್ತರ ಎಂದು ತಿಳಿಸಿದ್ದರು. ಕೊನೆಗೆ, ಮದುಮಗನ ಕುದುರೆ ಬ್ಯಾಂಡಿನ ಜೊತೆ ನೀವು ತರುವುದೋ ನಾವೇ ತರುವುದೋ, ಅಮ್ಮ ಇದ್ದಿದ್ದರೆ ಅವರೇ ಹೇಳುತ್ತಿದ್ದರು, ಈಗ ನೀವೇ ಹೇಳಿ ಎಂದಿತ್ತು. ಕುದುರೆಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಅತ್ತೆ ಒಮ್ಮೊಮ್ಮೆ ಹೂಂ ಅನ್ನುತ್ತಿದ್ದರು, ಒಮ್ಮೊಮ್ಮೆ ಊಹೂಂ ಅನ್ನುತ್ತಿದ್ದರು, ಏತಕ್ಕೆಂದು ಯಾರಿಗೂ ಹೇಳಿದವರಲ್ಲ. ನಮ್ಮ ಮನೆಯವರು ಬೆರಳು ಮಡಚುತ್ತ ಯೋಚಿಸುತ್ತಿದ್ದರು.

"ಕುದರಿ ನಿಮ್ಮದ ಅಂತ ಬಡೀರಿ" ಎಂದೆ.

ನಮ್ಮ ಮನೆಯವರು ಏನೋ ಹೇಳಲು ತಲೆ ಎತ್ತಿದರು. ಅಷ್ಟರಲ್ಲಿ ಅಂಗಡಿಯವರು ಅದನ್ನು ಕಳಿಸಿಬಿಟ್ಟಿದ್ದರು.